ಇದು ಹೂವಿನ ತಲೆನೋವಲ್ಲ

ಬಾಗಿಲ ಆಚೆಗಿರುವ ಮಾಲತಿಯಕ್ಕನಿಗೆ,

ಈಚೆ ನೆಲದ ಮೇಲೆ ಕೂತಿರುವ ನಿನ್ನ ತಮ್ಮನ ನಮಸ್ಕಾರ.

ಕೂಗಿದರೆ ತಲೆ ಸಿಡಿಯುತ್ತದೆ, ಹೇಳುವುದಿದ್ದರೆ ಬರೆದು ಹಾಕು ಎಂದು ನೀನು ಚಿಲಕ ಹಾಕಿಕೊಂಡೆ. ಸರಿ, ಬರೆಯುತ್ತಿದ್ದೇನೆ. ಡ್ರೈವರ್ ಮುತ್ತ ತೋಟದ ಆ ತುದಿಯಿಂದ ಜೀಪು ತರುತ್ತಿದ್ದಾನೆ. ಅವನು ಬರುವ ತನಕ ಒಂದೊಂದೇ ಹಾಳೆ ಬಾಗಿಲ ಕೆಳಗಿನಿಂದ ತಳ್ಳುತ್ತೇನೆ. ನಡುನಡುವೆ ಬಾಗಿಲು ತಟ್ಟುತ್ತೇನೆ, ನೀನು ಬೈಯಬೇಕು. ಬೈಗುಳ ಸ್ಪಷ್ಟವಾಗಿ ಕೇಳುವಷ್ಟು ಹೊತ್ತು ನನಗೆ ಉಸಿರು.

ಚಿಕ್ಕಂದಿನಲ್ಲೂ ನಮ್ಮ ಅಂಚೆ ಇದೇ ದಾರಿಯಲ್ಲಿ ಹೋಗುತ್ತಿತ್ತು. ನೀನು ಕತ್ತಲು ಮಾಡಿಕೊಂಡು ಮಲಗಿದರೆ ನಾನು ಚೀಟಿ ತಳ್ಳುತ್ತಿದ್ದೆ: 'ತಲೆನೋವೇ ತಲೆನೋವೇ, ಅಕ್ಕನ ಬಿಟ್ಟು ಹೋಗುವೆಯಾ?' ವಾಸಿಯಾಗುತ್ತಿದ್ದಂತೆ ಜವಾಬು ಬರುತ್ತಿತ್ತು: 'ಹೋಗುವೆ ಹೋಗುವೆ, ತಮ್ಮನ ಬಾಯಿ ಮುಚ್ಚುವೆಯಾ?' ನನಗೆ ಪ್ರಾಸದ ಹುಚ್ಚು ಹಿಡಿದದ್ದು ಅಲ್ಲಿಂದ. ಕನ್ನಡ ಬಿ.ಎ. ಆಮೇಲಿನ ಅಪಘಾತ.

ಮದುವೆಯಾಗಿ ಚೆಟ್ಟಳ್ಳಿಗೆ ಬಂದ ಮೇಲೆ ನಿನ್ನ ತಲೆನೋವಿಗೂ ಒಂದು ಋತು ಸಿಕ್ಕಿತು. ಕಾಫಿ ಹೂವಾದರೆ ಊರೆಲ್ಲ ಮೂಗರಳಿಸುತ್ತದೆ, ನೀನು ಒದ್ದೆ ಬಟ್ಟೆಯಿಂದ ಮೂಗು ಮುಚ್ಚುತ್ತೀಯ. ಅದು ಬರುವ ಕ್ರಮ ನನಗೆ ಬಾಯಿಪಾಠ. ಹಿಂದಿನ ದಿನವೇ ಆಕಳಿಕೆ, ನಲ್ಲಿ ತೊಟ್ಟಿಕ್ಕಿದರೂ ಸಿಟ್ಟು. ಆಮೇಲೆ ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಮಿಂಚು, ಅದು ನಿಧಾನವಾಗಿ ದೊಡ್ಡದಾಗುವುದು. ಬೆರಳಲ್ಲಿ ಶುರುವಾದ ಜುಮ್ಮು ಇರುವೆ ಸಾಲಿನ ಹಾಗೆ ತೋಳು ಹತ್ತಿ ತುಟಿಗೆ ಬರುವುದು. ಕೊನೆಗೆ ಅರ್ಧ ತಲೆಗೆ ಸುತ್ತಿಗೆ, ವಾಂತಿ, ಕತ್ತಲೆ ಕೋಣೆ.

ಇವತ್ತು ಇದರಲ್ಲಿ ಯಾವುದು ಬಂತು ಅಕ್ಕ?

ನಿನ್ನ ಮುಖ ನಿನಗೆ ಕಾಣಲಿಲ್ಲ, ಕಂಡವನು ನಾನು. ನೀನು ಅಕ್ಕಿ ರೊಟ್ಟಿ ತಟ್ಟುತ್ತಾ ನನ್ನ ಹೊಟ್ಟೆಯ ಸುತ್ತಳತೆ ಆಡಿಕೊಳ್ಳುತ್ತಿದ್ದೆ. ಕರೆಂಟು ಹೋದ ಹಾಗೆ ಬಲಗೈ ನಿಂತಿತು. ಹಿಟ್ಟು ಬಿತ್ತು. ಬಾಯಿಯ ಬಲತುದಿ ಜೋತುಬಿತ್ತು. ಏನೋ ಅಂದೆ, ಅದು ಮಾತಾಗಿರಲಿಲ್ಲ. ನಾನು ಭುಜ ಹಿಡಿದು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ನೀನು ಕೈ ಎತ್ತಿ ತೋರಿಸಿದೆ, ನಕ್ಕೆ. "ಹೂವಿನ ತಲೆನೋವು ಕಣೋ, ಹೊಸದಾ?" ಅಂದೆ. ಗರಗಸ ಬಂತಾ ಎಂದು ಕೇಳಿದ್ದಕ್ಕೆ, "ಇವತ್ತು ರಜಾ ಹಾಕಿದೆ" ಎಂದು ಒಳಗೆ ಹೋದೆ.

ಆ ರಜವೇ ನನ್ನನ್ನು ಕೂರಗೊಡುತ್ತಿಲ್ಲ.

ಹೋದ ವರ್ಷ ಹೂವಿನ ಹೊತ್ತಿನಲ್ಲಿ ನಾನೇ ಹೆದರಿ ನಿನ್ನನ್ನು ಮಡಿಕೇರಿಗೆ ಹೊತ್ತೊಯ್ದೆ. ಬರೀ ಮೈಗ್ರೇನ್ ಅಂದರು. ಆಮೇಲೆ ತೋಟದ ಕೂಲಿ ಲೈನಿನ ಹೆಂಗಸರು ನಿನ್ನನ್ನು 'ಹೂವಿಗೆ ಹೆದರಿ ಆಸ್ಪತ್ರೆ ಸೇರಿದ ಅಮ್ಮಾವ್ರು' ಎಂದು ನಕ್ಕದ್ದು ನನಗೆ ಗೊತ್ತು. ಇನ್ನೊಂದು ಸಲ ಆ ನಗು ಬೇಡವೆಂದೇ ಚಿಲಕ ಹಾಕಿದ್ದೀಯ, ಅದೂ ಗೊತ್ತು. ಆದರೆ ಅವತ್ತು ಡಾಕ್ಟರಿಗೆ ನೀನು ಶುಂಠಿ ಕಷಾಯದ ಪಾಠ ಮಾಡುತ್ತಿದ್ದಾಗ ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. "ಮೈಗ್ರೇನ್‌ನಲ್ಲಿ ಸಾಮಾನ್ಯವಾಗಿ ಇಲ್ಲದ್ದು ಮೆಲ್ಲಗೆ ಬಂದು ಸೇರುತ್ತೆ. ಸ್ಟ್ರೋಕ್‌ನಲ್ಲಿ ಇದ್ದದ್ದು ಇದ್ದಕ್ಕಿದ್ದ ಹಾಗೆ ಹೋಗುತ್ತೆ. ಅನುಮಾನ ಬಂದರೆ ಮನೆಯಲ್ಲಿ ತೀರ್ಪು ಕೊಡಬೇಡಿ, ಕರ್ಕೊಂಡು ಬನ್ನಿ. ತಾನಾಗಿ ಸರಿಹೋದರೂ ಬನ್ನಿ."

ಇವತ್ತು ಮಿಂಚು ಬರಲಿಲ್ಲ, ಇರುವೆ ಬರಲಿಲ್ಲ. ಬರೀ ಹೋಯಿತು. ಕೈ ಹೋಯಿತು, ತುಟಿ ಹೋಯಿತು, ಮಾತು ಹೋಯಿತು. ತಿರುಗಿ ಬಂತಲ್ಲ ಎಂದು ವಾದ ಮಾಡಬೇಡ. ಬಂದು ಹೋದದ್ದು ನೆಂಟನಲ್ಲ ಅಕ್ಕ, ಜಾಗ ನೋಡಿಕೊಂಡು ಹೋದ ಕಳ್ಳನೂ ಆಗಿರಬಹುದು. ನನ್ನ ಲೆಕ್ಕ ತಪ್ಪಾಗಿದ್ದರೆ ಈ ಸಲ ಲೈನಿನವರು ನಗುವುದು ನನ್ನನ್ನು ನೋಡಿ. ಬೇಕಾದರೆ ಹಾಡು ನಾನೇ ಕಟ್ಟಿಕೊಡುತ್ತೇನೆ. 'ಅಕ್ಕನ ತಲೆನೋವಿಗೆ ಬೆವೆತ ಕೀರ್ತಿ, ಮಡಿಕೇರಿ ದಾರಿಯಲ್ಲಿ ಅತ್ತ ಪೂರ್ತಿ.' ನೀನೇ ರಾಗ ಹಾಕು.

ಈಗ ತಟ್ಟಿದೆ. ನೀನು "ಸುಮ್ನಿರೋ ಕತ್ತೆ" ಅಂದೆ. ಎರಡು ಪದ, ಎರಡೂ ನೆಟ್ಟಗಿವೆ. ಇಷ್ಟು ಇಂಪಾದ ಪದ್ಯ ನಾನು ಜನ್ಮದಲ್ಲಿ ಬರೆದಿಲ್ಲ. ಈ ಮಾತು ಮತ್ತೆ ಯಾವಾಗ ಹೋಗುತ್ತದೋ ಅನ್ನುವುದೊಂದೇ ಭಯ.

ತಲೆನೋವಿನ ಮಾತ್ರೆ ಈಗ ನುಂಗಬೇಡ, ಡಾಕ್ಟರು ನೋಡಲಿ. ಸೀರೆ ಬದಲಿಸಬೇಡ, ಹಿಟ್ಟಿನ ಕೈಯಲ್ಲೇ ಬಾ. ಮೂಗಿಗೆ ಒದ್ದೆ ಬಟ್ಟೆ ನಾನು ಹಿಡಿದುಕೊಂಡಿದ್ದೇನೆ. ದಾರಿಯುದ್ದಕ್ಕೂ ಹೂವಿದೆ.

ಗೇಟಿನ ಹತ್ತಿರ ಜೀಪಿನ ಸದ್ದು. ಇಂಜಿನ್ ಆರಿಸಬೇಡ ಎಂದು ಮುತ್ತನಿಗೆ ಹೇಳಿದ್ದೇನೆ. ಚಿಲಕ ಮುರಿಯುವ ಹಾರೆಯನ್ನೂ ತಾ ಎಂದಿದ್ದೇನೆ. ಬಾಗಿಲು ಭಾವನದು, ಆಮೇಲೆ ಅವರ ಹತ್ತಿರ ಬೈಸಿಕೊಳ್ಳುತ್ತೇನೆ.

ಈ ಸಲ ಜವಾಬು ಬರೆಯಬೇಡ. ಚಿಲಕ ತೆಗೆ.

ನಿನ್ನ ಬಾಯಿ ನೂರು ವರ್ಷ ನನ್ನ ಮೇಲೆ ಜೋರಾಗಿರಲಿ, ಒಂದಕ್ಷರವೂ ಜಾರದಿರಲಿ.

ಹೊಸ್ತಿಲಲ್ಲೇ ನಿಂತಿರುವ ನಿನ್ನ ತಮ್ಮ,
ಕೀರ್ತಿ