ಹಿಡಿನೂಲಿಗೆ ತೋರಿಸದ ರಕ್ತ

ಹೊಸಪೇಟೆ ಕಟ್ಟೆ, ಪಾಚಿಶಕ ನೂರಾ ನಾಲ್ಕು, ಎರಡನೇ ಬೇಸಿಗೆಯ ಹುಣ್ಣಿಮೆ.

ನೂಲುಕೋಣೆಯ ಹಿರಿಯರಿಗೆ ಹುಲಿಗೆವ್ವನ ಶರಣಾರ್ಥಿಗಳು.

ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆಯಂತೆ, ಪುಣ್ಯವಂತರು. ನನ್ನ ತಾರೀಖು, ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಆಪ್ಟಮರ್ ಎಂದು ಕರೆದ, ವಿಷವನ್ನು ಹಿಡಿಯುವ ಆರ್‌ಎನ್‌ಎ ಎಳೆಯನ್ನು ನಾವು ಹಿಡಿನೂಲು ಎನ್ನುತ್ತೇವೆ. ನೀವು ಕಟ್ಟಿಕೊಟ್ಟ ನೂಲನ್ನೇ ನಾನು ಇಲ್ಲಿಯ ಕೋಣೆಯಲ್ಲಿ ಬೆಳೆಸುತ್ತೇನೆ. ಈ ಕಾಗದ ಕಾಲವನ್ನು ಹಿಂದಕ್ಕೆ ದಾಟಿ ನಿಮ್ಮನ್ನು ಮುಟ್ಟುತ್ತದೆಂಬ ಭ್ರಮೆ ನನಗಿಲ್ಲ. ಆದರೂ ಬರೆಯದೆ ಇರಲಾರೆ, ಒಳಗೆ ಅಷ್ಟು ಸಿಟ್ಟಿದೆ.

ಇಲ್ಲಿಯ ನೀರು ಹಸಿರು. ಜಲಾಶಯದ ದಂಡೆಯಿಂದ ದಂಡೆಗೆ ಪಾಚಿ ಹಾಸಿಕೊಂಡಿದೆ, ಮೇಲೆ ನಾಯಿ ನಡೆದುಹೋಗುತ್ತದೆ. ಆ ಪಾಚಿ ಬಿಡುವ ವಿಷ ಸೋಸಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಸೀದಾ ಯಕೃತ್ತಿಗೆ ಇಳಿಯುತ್ತದೆ. ಮೀನು ತಿನ್ನುವುದನ್ನು ನನ್ನ ಅಜ್ಜಿಯ ಕಾಲಕ್ಕೇ ಬಿಟ್ಟರು. ಬೆಳಗ್ಗೆ ಮುಖ ತೊಳೆದ ಮೇಲೆ ಮೊದಲು ನೂಲಿನ ಲೋಟ, ಆಮೇಲೆ ರೊಟ್ಟಿ. ಲೋಟ ಕುಡಿಯದ ಮಗುವಿಗೆ ಯಾರೂ ತಿನ್ನಲು ಕೊಡುವುದಿಲ್ಲ. ನೂಲು ಒಳಗೆ ಹೋಗಿ ವಿಷವನ್ನು ಹಿಡಿದುಕೊಂಡರೆ ನಾವು ಆ ದಿನ ಬದುಕಿದೆವು. ಮಗು ಎಂದೆ, ಅದೂ ಈಗ ಅಪರೂಪ. ಊರಿಗೊಂದು ಶಾಲೆ, ಅದರಲ್ಲಿ ಒಂದೇ ಬೆಂಚು.

ನಿಮ್ಮ ಕೆಲಸವನ್ನು ನಾನು ಹಗುರ ಮಾಡುವುದಿಲ್ಲ. ಕೋಟಿಗಟ್ಟಲೆ ಬಗೆಯ ನೂಲುಗಳನ್ನು ವಿಷದ ಮುಂದೆ ಬಿಟ್ಟು, ಹಿಡಿಯದ್ದನ್ನು ತೊಳೆದು, ಹಿಡಿದದ್ದನ್ನು ಬೆಳೆಸಿ, ಮತ್ತೆ ವಿಷದ ಮುಂದೆ ಬಿಟ್ಟಿರಿ. ಮೈಯೊಳಗಿನ ಕಿಣ್ವಗಳು ಕತ್ತರಿಸದಂತೆ ನೂಲಿನ ಸಕ್ಕರೆಗೆ ಫ್ಲೋರಿನ್ ಕೂರಿಸಿದಿರಿ. ಎಷ್ಟು ಗಟ್ಟಿ ಮಾಡಿದಿರೆಂದರೆ ಹೊಟ್ಟೆಯ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಭಲೇ ಅನ್ನಲೇಬೇಕು.

ನೀವು ಹಾಕಿಕೊಟ್ಟ ಪದ್ಧತಿಯೊಂದು ನಮ್ಮಲ್ಲಿ ಇನ್ನೂ ಇದೆ, ರಕ್ತದ ಸುತ್ತು. ಪ್ರತಿ ಸಲ ನೂಲು ಬೆಳೆಸಿದ ಕೊನೆಯಲ್ಲಿ ಕೋಣೆಯವರೆಲ್ಲ ತಮ್ಮ ಒಂದು ಹನಿ ರಕ್ತವನ್ನು ನಳಿಕೆಗೆ ಹಾಕುವುದು, ಮನುಷ್ಯನ ರಕ್ತದಲ್ಲಿ ಇರುವುದನ್ನು ಹಿಡಿಯುವ ನೂಲನ್ನೆಲ್ಲ ತೆಗೆದು ಎಸೆಯುವುದು. ಒಳ್ಳೆಯ ಪದ್ಧತಿ. ಜೊತೆಗೆ ಇನ್ನೊಂದನ್ನೂ ಕಲಿಸಿದಿರಿ. ಹೆಂಗಸು ಬಸುರಿ ಎಂದು ತಿಳಿದ ದಿನವೇ, ಈ ರಾಸಾಯನಿಕದ ಗಾಳಿ ಬೇಡ ತಾಯಿ ಎಂದು, ಹೂ ಮುಡಿಸಿ ಮನೆಗೆ ಕಳಿಸುವುದು. ಎಷ್ಟು ಅಕ್ಕರೆ ನೋಡಿ! ಆ ಅಕ್ಕರೆಯಲ್ಲಿ ಬಸುರಿಯ ಒಂದು ಹನಿ ರಕ್ತವೂ ಆ ನಳಿಕೆಗೆ ಬೀಳಲಿಲ್ಲ.

ಊರಿನಲ್ಲಿ ಬಸುರು ನಿಲ್ಲುತ್ತಿರಲಿಲ್ಲ. ನೀರಿನ ದೋಷ, ದೇವಿಯ ಮುನಿಸು, ಹೆಣ್ಣಿನ ಹಣೆಬರಹ ಎಂದೆವು. ಇನ್ನೊಂದು ಲೋಟ ಹೆಚ್ಚಿಗೆ ಕುಡಿ ಎಂದೂ ಹೇಳಿದೆವು. ನನ್ನ ಮಗಳು ಗಾಳೆವ್ವ ನನ್ನ ಕೋಣೆಯಲ್ಲೇ ಕೆಲಸಕ್ಕಿದ್ದಾಳೆ. ಎರಡು ಸಲ ಕಳೆದುಕೊಂಡಳು. ಮೂರನೇ ಸಲ ನಾವು ಹೂ ತಂದರೆ ಮುಡಿಯಲಿಲ್ಲ, ಬಾಗಿಲಲ್ಲೇ ನಿಂತಳು.

"ನನ್ನ ರಕ್ತನೂ ಹಾಕವ್ವ. ಬಸುರಿ ಆದ್ರೆ ನಾನು ಮನುಷ್ಯಳಲ್ಲೇನು?"

ಹಾಕಿದೆವು. ನಿಮ್ಮ ನೂಲು ವಿಷವನ್ನು ಬಿಟ್ಟು ಅವಳ ರಕ್ತಕ್ಕೆ ಮುತ್ತಿಕೊಂಡಿತು. ಬಸುರಿನಲ್ಲಿ ಮಾತ್ರ ಹುಟ್ಟುವ, ಕೂಸನ್ನು ಒಳಗೆ ಉಳಿಸುವ ಒಂದು ಅಣುವನ್ನು ಅದು ವಿಷಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಊರಿನ ಅಷ್ಟೂ ಕೂಸುಗಳನ್ನು ನಾವೇ ಲೋಟದಲ್ಲಿ ಕಲಸಿ ಕೊಂದಿದ್ದೆವು.

ಆವತ್ತಿನಿಂದ ಗಾಳೆವ್ವ ನೂಲು ಬಿಟ್ಟಿದ್ದಾಳೆ. ಬಸುರು ನಿಂತಿದೆ, ಆರನೇ ತಿಂಗಳು, ಕೂಸು ಒದೆಯುತ್ತದೆ, ನನ್ನ ಕೈ ಹಿಡಿದು ತೋರಿಸುತ್ತಾಳೆ. ಆದರೆ ಕುಡಿಯುವುದು ಅದೇ ಹಸಿರು ನೀರು. ಕಣ್ಣು ಅರಿಶಿನವಾಗಿದೆ, ಕಾಲು ಬಾತಿದೆ, ಮಾತು ತೊದಲುತ್ತದೆ. ಅವಳ ರಕ್ತ ಹಾಕಿ ಹೊಸ ನೂಲು ಆರಿಸುತ್ತಿದ್ದೇವೆ, ಅದು ಕೈಗೆ ಬರಲು ಮುಂದಿನ ಬೇಸಿಗೆಯಾಗಬೇಕು. ಅಷ್ಟು ದಿನ ಅವಳು ಇರುವುದಿಲ್ಲ, ನೋಡಿದರೆ ಗೊತ್ತಾಗುತ್ತದೆ. ತಾನು ಹೋದರೂ ಸರಿ, ಕೂಸು ಹುಟ್ಟುವ ತನಕ ನೂಲಿನ ಲೋಟ ಮುಟ್ಟಿಸಬಾರದು ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾಳೆ.

ಹಿರಿಯರೇ, ನಿಮ್ಮಲ್ಲಿ ಬೇಡುವುದು ಇಷ್ಟೇ. ಬಸುರಿಯನ್ನು ಮನೆಗೆ ಕಳಿಸಿ, ಬೇಡ ಎನ್ನುವುದಿಲ್ಲ. ಕಳಿಸುವ ಮೊದಲು ಅವಳ ಒಂದು ಹನಿ ರಕ್ತ ಕೇಳಿ ತೆಗೆದುಕೊಳ್ಳಿ. ಬಾಣಂತಿಯ ಹಾಲು, ಹೊಕ್ಕುಳಬಳ್ಳಿಯ ರಕ್ತ, ಮುದುಕರದ್ದು, ರೋಗಿಯದ್ದು, ಎಲ್ಲವನ್ನೂ ನೂಲಿಗೆ ತೋರಿಸಿ. ಗಟ್ಟಿ ಮಾಡುವ ಆತುರ ಆಮೇಲೆ ಇರಲಿ.

ಮಗಳು ನೀರು ಕೇಳುತ್ತಿದ್ದಾಳೆ, ಏಳಬೇಕು. ಅವಳು ಕೂಸಿನ ತಾಯಿ, ನಾನು ಅವಳ ತಾಯಿ. ಲೋಟಕ್ಕೆ ನೂಲು ಕಲಸಿದ್ದೇನೆ. ಕೇಳಿದರೆ, ಬರೀ ನೀರು, ಕುಡಿ ಮಗಾ, ಎನ್ನುತ್ತೇನೆ.