ಮಡಚುವ ಪ್ಯಾನೆಲ್ ಮೇಲೊಂದು ಗುಮಾನಿ

ಮಾರ್ಚ್ ೧೪, ಶುಕ್ರವಾರ

ವ್ಯಾನಿನಲ್ಲಿ ಊರು ಸುತ್ತಲೆಂದು ಮಡಚುವ ಸೋಲಾರ್ ಪ್ಯಾನೆಲ್ ತಂದಾಗಿನಿಂದ ಇವರು ಮುಖ ಕೊಟ್ಟು ಮಾತಾಡುತ್ತಿಲ್ಲ. "ದೀಪಕ್ಕೂ ಫೋನಿಗೂ ಧಾರಾಳ ಸಾಕು ಕಣೇ" ಅಂತಾರೆ. ನನ್ನ ಉಸಿರಾಟದ ಯಂತ್ರಕ್ಕೆ? ಅದಿಲ್ಲದೆ ನಾನು ಮಲಗುವಂತಿಲ್ಲವೆಂದು ಗೊತ್ತಿದ್ದೂ ಆ ಸುದ್ದಿಯನ್ನೇ ಎತ್ತುವುದಿಲ್ಲ. ಒಬ್ಬರೇ ಹೊರಡುವ ಹುನ್ನಾರ, ಮತ್ತೇನು!

ಮಧ್ಯಾಹ್ನ ನೋಡಿದರೆ ಮಂಚದ ಪಕ್ಕದಲ್ಲಿದ್ದ ಯಂತ್ರವೇ ಮಾಯ. ಸಿಟ್ಟು ನೆತ್ತಿಗೇರಿ ವ್ಯಾನಿನ ಬಾಗಿಲೆಳೆದೆ. ಮೇಲೆ ಪ್ಯಾನೆಲ್ ಬಿಸಿಲು ಕಾಯಿಸುತ್ತಿತ್ತು. ಒಳಗೆ ಇವರು ನನ್ನ ಯಂತ್ರದ ಮಾಸ್ಕನ್ನು ಮೂಗಿಗೆ ಕಟ್ಟಿಕೊಂಡು ಅಂಗಾತ ಮಲಗಿದ್ದರು.

"ಪ್ಯಾನೆಲ್ ತುಂಬಿಸಿದ ಬ್ಯಾಟರಿಲಿ ಎಷ್ಟು ಹೊತ್ತು ಓಡುತ್ತೆ ನೋಡ್ತಿದೀನಿ. ರಾತ್ರಿ ಪೂರ್ತಿ ಓಡದಿದ್ರೆ ನಿನ್ನ ಹೇಗೆ ಕರ್ಕೊಂಡು ಹೋಗ್ಲಿ?"

ನಗು ಬಂತು, ಕಣ್ಣೂ ತುಂಬಿತು. ಆದರೆ ಮೋಡ ಕವಿದ ದಿನ ಏನು ಗತಿ? ಈಗ ರಾತ್ರಿ ಅದನ್ನು ಕೇಳೋಣವೆಂದರೆ ಮಗ್ಗುಲಾಗಿ ಗೊರಕೆ ಶುರುಮಾಡಿದ್ದಾರೆ. ನಿಜವಾದ ಗೊರಕೆಯೋ, ಉತ್ತರ ತಪ್ಪಿಸುವ ನಾಟಕವೋ…