ಸಲೋಮಿ ಅಕ್ಕನ ಮದುವೆ ಸೀರೆ

ಜನವರಿ 17, ಶನಿವಾರ

ಚರ್ಚಿನ ಸ್ತ್ರೀಯರ ಕೂಟದ ವಾರ್ಷಿಕೋತ್ಸವದ ಊಟ ಈ ಸಲ, ಯೇಸು ಆರು ಬಾನೆ ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯ ಹಾಗಿರಬೇಕು ಎಂದೆ. ಆರು ಮಡಕೆಗಳಲ್ಲಿ ದ್ರಾಕ್ಷಿ ಪಾನಕ, ಮಟನ್ ಪಲಾವ್. ಎಲ್ಲರೂ ತಮ್ಮ ಮದುವೆಯ ಬಿಳಿ ಸೀರೆಯಲ್ಲೇ ಬರಬೇಕು. ನಾನು ಹೇಳಿದ ಮೇಲೆ ಒಪ್ಪದವರು ಯಾರು?

ಹುಲ್ಲಹಳ್ಳಿಯ ಸಲೋಮಿ ಅಕ್ಕ ಒಬ್ಬರೇ, “ನಂಗೆ ಉಟ್ಕೊಂಡು ಬರಕಾಗಲ್ಲ ಕಣವ್ವ” ಎಂದರು.

ಸೀರೆ ಹಳೆಯದಾದರೂ ಪರವಾಗಿಲ್ಲ ಎಂದು ನಾನು ಬಿಡಲಿಲ್ಲ.

“ಅಳೇದು ಅಂತಲ್ಲ. ನಮ್ ಯಜಮಾನ್ರು ತೀರ್ಕಂಡಾಗ ಚರ್ಚಿಗೆ ಕೊಟ್ಬುಟ್ಟೆ. ಪೀಠದ ಮೇಲೆ ಬಿಳಿ ಬಟ್ಟೆ ಆಸಿದ್ದೀರಲ್ಲ, ಅದೇಯ.”

ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಅದಕ್ಕೆ ಇಸ್ತ್ರಿ ಹಾಕುತ್ತಿರುವವಳು ನಾನು.

ಊಟ ಹಾಗೇ ನಡೆಯುತ್ತದೆ, ಮಡಕೆಗಳೂ ಆರೇ. ಸೀರೆಯ ಮಾತನ್ನು ಮಾತ್ರ ನಾಳೆ ಎಲ್ಲರೆದುರೇ ವಾಪಸ್ ತೆಗೆದುಕೊಳ್ಳುತ್ತೇನೆ.

ಸಂಜೆ ಇಸ್ತ್ರಿ ಹಾಕುವಾಗ ಮಡಿಚಿ ಹೊಲಿದ ಅಂಚನ್ನು ಬಿಡಿಸಿ ನೋಡಿದೆ. ಒಳಗೆ ಸಣ್ಣ ಜರಿ ಇನ್ನೂ ಇದೆ.